ಫೈನಾನ್ಸ್‌ನಲ್ಲಿ ಪಿಎಚ್‌.ಡಿ: ಅದಕ್ಕೂ ಮೊದಲು ಯಾವ ಸ್ನಾತಕೋತ್ತರ ಪದವಿ?

ಸುರಪುರ, ಶಹಾಪುರದ ಕಡೆಯ ಯಾವುದಾದರೂ ಓಣಿಗೆ ಹೋಗಿ ‘ಫೈನಾನ್ಸ್’ ಎಂದು ಹೇಳಿ ನೋಡಿ. ಯಾರಿಗೂ ಷೇರು ಮಾರುಕಟ್ಟೆ ನೆನಪಾಗುವುದಿಲ್ಲ. ವಾರದ ಕಂತು ವಸೂಲಿಗೆ ಬೈಕ್ ಮೇಲೆ ಬರುವ ಹುಡುಗ ನೆನಪಾಗುತ್ತಾನೆ. ‘ಫೈನಾನ್ಸ್‌ನವ್ರು ಬಂದಾರ’ ಎಂದರೆ ಕೆಲವು ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತವೆ. ಅಂಥ ಊರಿನಲ್ಲಿ ಬಿಇ ಓದುವ ಹುಡುಗ ಫೈನಾನ್ಸ್‌ನಲ್ಲಿ ಪಿಎಚ್‌.ಡಿ ಮಾಡುತ್ತೇನೆ ಎಂದರೆ ಕೇಳಿದವರು ಮೇಲಿಂದ ಕೆಳಗೆ ನೋಡುವುದು ಸಹಜ. ನಮ್ಮ ಕಾಕಾ ಅಂತೂ ನೇರವಾಗಿ ಕೇಳಿಬಿಟ್ಟರು: ‘ಸಾಲ ವಸೂಲಿ ಮಾಡಾಕ ಡಾಕ್ಟ್ರು ಯಾಕ ಆಗಬೇಕೋ ತಮ್ಮಾ?’

ಕಾಕಾನ ಪ್ರಶ್ನೆಗೆ ಉತ್ತರ ಇತ್ತೀಚಿನ ಸುದ್ದಿಯಲ್ಲೇ ಇದೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಅದಕ್ಕೂ ಹಿಂದಿನ ವಾರಗಳಲ್ಲಿ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಇಂಥದ್ದೊಂದು ಕಾನೂನು ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಮುಂದಿನ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಸಾಲ ಕೊಡುವವರು ಹೆದರಿ ಹಿಂದೆ ಸರಿದರೆ ಬಿತ್ತನೆ ಹೊತ್ತಿಗೆ ಬೀಜ, ಗೊಬ್ಬರಕ್ಕೆ ಹಣ ಎಲ್ಲಿಂದ ಬರುತ್ತದೆ? ಮತ್ತೆ ದಲಾಲಿ ಅಂಗಡಿಗೇ ಹೋಗಬೇಕೆ? ಊರಿನ ಕೂಲಿ ದರ ಏನಾಗುತ್ತದೆ? ಬೆಂಗಳೂರು, ಹೈದರಾಬಾದ್‌ಗೆ ಗುಳೆ ಹೋಗುವವರು ಹೆಚ್ಚಾಗುತ್ತಾರೋ, ಕಡಿಮೆಯಾಗುತ್ತಾರೋ? ಟಿವಿ ಚರ್ಚೆಗಳಲ್ಲಿ ಎಲ್ಲರ ಬಳಿಯೂ ಉತ್ತರ ಇತ್ತು, ಲೆಕ್ಕ ಮಾತ್ರ ಯಾರ ಬಳಿಯೂ ಇದ್ದಂತಿರಲಿಲ್ಲ.

ಇಂಥ ಲೆಕ್ಕವನ್ನು ಒಮ್ಮೆ ಯಾರೋ ಮಾಡಿದ್ದಾರೆ, ಅದೂ ನಮ್ಮ ಪಕ್ಕದ ರಾಜ್ಯವನ್ನು ಇಟ್ಟುಕೊಂಡು. 2010ರ ಅಕ್ಟೋಬರ್‌ನಲ್ಲಿ ಆಗಿನ ಅವಿಭಜಿತ ಆಂಧ್ರಪ್ರದೇಶ ಸರ್ಕಾರ ಇದೇ ರೀತಿಯ ಸುಗ್ರೀವಾಜ್ಞೆ ತಂದಿತು. ಅಲ್ಲಿ ಮೈಕ್ರೊಫೈನಾನ್ಸ್ ವಸೂಲಿ ಹೆಚ್ಚುಕಡಿಮೆ ನಿಂತೇಹೋಯಿತು. ಆಂಧ್ರದಲ್ಲಿ ಹಣ ಸಿಕ್ಕಿಹಾಕಿಕೊಂಡ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಸಾಲ ಕೊಡುವುದನ್ನು ಕಡಿಮೆ ಮಾಡಿದವು. ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಹಿಡಿದದ್ದು ಇದೇ ಎಳೆಯನ್ನು. ಆಂಧ್ರದ ಹೊರಗಿನ ಜಿಲ್ಲೆಗಳಲ್ಲಿ, ಆಂಧ್ರದಲ್ಲಿ ಪೆಟ್ಟು ತಿಂದ ಕಂಪನಿಗಳನ್ನು ಹೆಚ್ಚು ನಂಬಿಕೊಂಡಿದ್ದ ಜಿಲ್ಲೆಗಳು ಒಂದು ಕಡೆ, ಅಷ್ಟಾಗಿ ನಂಬಿಕೊಳ್ಳದ ಜಿಲ್ಲೆಗಳು ಇನ್ನೊಂದು ಕಡೆ ಎಂದು ಹೋಲಿಸಿದರು. ಮೊದಲ ಗುಂಪಿನಲ್ಲಿ ದಿನಗೂಲಿ ಇಳಿದಿತ್ತು, ಮನೆಗಳ ಸಂಪಾದನೆ ಮತ್ತು ಖರ್ಚು ಎರಡೂ ಕುಸಿದಿದ್ದವು. ಸಾಲ ತೆಗೆದುಕೊಳ್ಳದೆ ಬರೀ ಕೂಲಿ ನಂಬಿದವನಿಗೂ ಬಿಸಿ ತಟ್ಟಿತ್ತು. 2021ರಲ್ಲಿ ಪ್ರಕಟವಾದ ಈ ಅಧ್ಯಯನ ಓದುವಾಗ ನನಗೆ ಅನ್ನಿಸಿದ್ದು ಇಷ್ಟೆ: ಯಾದಗಿರಿ ಜಿಲ್ಲೆ ತೆಲಂಗಾಣದ ಗಡಿಗೇ ಅಂಟಿಕೊಂಡಿದೆ, ಇಲ್ಲಿನ ಕಥೆಯನ್ನು ಇಲ್ಲಿಯವರೇ ಯಾಕೆ ಲೆಕ್ಕ ಹಾಕಬಾರದು?

ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಸಾಕ್ಷರತೆ ಸುಮಾರು ಶೇ 52, ರಾಜ್ಯದಲ್ಲೇ ಕೊನೆಯ ಸ್ಥಾನ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ‘ಅತ್ಯಂತ ಹಿಂದುಳಿದ’ ಎಂದು ಪಟ್ಟಿ ಮಾಡಿದ 39 ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಕೇಂದ್ರದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಯೋಜನೆಗೆ ರಾಜ್ಯದಿಂದ ಆಯ್ಕೆಯಾದದ್ದು ರಾಯಚೂರು ಮತ್ತು ಯಾದಗಿರಿ ಮಾತ್ರ. ನಮ್ಮ ಬಗ್ಗೆ ವರದಿಗಳಿಗೆ ಬರವಿಲ್ಲ. ವರದಿ ಬರೆಯುವವರಲ್ಲಿ ನಮ್ಮವರು ಎಷ್ಟು ಎಂಬುದೇ ಬೇರೆ ಮಾತು.

ಸರಿ, ಆಸೆ ಇದೆ. ದಾರಿ ಯಾವುದು? ಬಿಇ ಮುಗಿದ ಮೇಲೆ ಯಾವ ಸ್ನಾತಕೋತ್ತರ ಪದವಿ ಮಾಡಿದರೆ ಫೈನಾನ್ಸ್ ಪಿಎಚ್‌.ಡಿಗೆ ಸಿದ್ಧತೆ ಆಗುತ್ತದೆ? ಕಳೆದ ಒಂದು ವರ್ಷದಿಂದ ನಾನು ಇದರ ಹಿಂದೆ ಬಿದ್ದಿದ್ದೇನೆ. ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಹೇಳುವುದು ಒಂದೇ, ‘ಎಂಬಿಎ ಫೈನಾನ್ಸ್ ಮಾಡು’. ಹೆಸರಿನಲ್ಲೇ ಫೈನಾನ್ಸ್ ಇದೆಯಲ್ಲ! ಆದರೆ ಪಿಎಚ್‌.ಡಿಯ ಮೊದಲ ವರ್ಷದಲ್ಲಿ ಏನು ಓದಿಸುತ್ತಾರೆ ಎಂದು ತೆರೆದು ನೋಡಿದರೆ ಈ ಸಲಹೆ ಅಲುಗಾಡತೊಡಗುತ್ತದೆ.

ಒಳ್ಳೆಯ ಸಂಸ್ಥೆಗಳಲ್ಲಿ ಫೈನಾನ್ಸ್ ಪಿಎಚ್‌.ಡಿಯ ಮೊದಲ ಒಂದೆರಡು ವರ್ಷ ಬರೀ ಕೋರ್ಸ್‌ವರ್ಕ್. ಸೂಕ್ಷ್ಮ ಅರ್ಥಶಾಸ್ತ್ರದ ಸಿದ್ಧಾಂತ, ಇಕನಾಮೆಟ್ರಿಕ್ಸ್, ಸಂಭವನೀಯತೆ, ಆಸ್ತಿಗಳ ಬೆಲೆ ನಿರ್ಧಾರವಾಗುವ ಬಗೆ, ಕಂಪನಿಗಳು ಬಂಡವಾಳ ಹೊಂದಿಸುವ ಬಗೆ. ಬ್ಯಾಲನ್ಸ್ ಶೀಟ್ ಓದುವುದು, ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು ಇದರಲ್ಲಿ ಅಷ್ಟಾಗಿ ಇಲ್ಲ. ಅಲ್ಲಿ ಬಳಸುವ ಸೂಕ್ಷ್ಮ ಅರ್ಥಶಾಸ್ತ್ರದ ದಪ್ಪ ಪುಸ್ತಕ ತೆರೆದರೆ ಪುಟ ಪುಟಕ್ಕೂ ಪ್ರಮೇಯ ಮತ್ತು ಸಾಧನೆ. ಎಂಜಿನಿಯರಿಂಗ್‌ನಲ್ಲಿ ನಾವು ಗಣಿತ ಕಲಿತದ್ದು ಸೂತ್ರಕ್ಕೆ ಬೆಲೆ ಹಾಕಿ ಉತ್ತರ ತೆಗೆಯಲು. ಆ ಸೂತ್ರ ಯಾಕೆ ನಿಜ ಎಂದು ಸಾಧಿಸುವುದು ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಬರುವುದೇ ಅಪರೂಪ. ಕೊರತೆ ಇರುವುದು ಇಲ್ಲಿ.

ಆದರೆ ಎಂಜಿನಿಯರಿಂಗ್ ಹುಡುಗರು ಇದಕ್ಕೆ ಹೊರಗಿನವರೇನಲ್ಲ. ಆಪ್ಷನ್‌ಗಳ ಬೆಲೆ ಹೇಳುವ 1973ರ ಬ್ಲ್ಯಾಕ್–ಶೋಲ್ಸ್ ಸಮೀಕರಣವನ್ನು ಸ್ವಲ್ಪ ತಿರುವಿ ಬರೆದರೆ ನಾವು ಓದಿದ ಶಾಖ ಪ್ರಸರಣದ ಸಮೀಕರಣವೇ ಸಿಗುತ್ತದೆ. ಕಬ್ಬಿಣದ ಸರಳಿನಲ್ಲಿ ಬಿಸಿ ಹರಡುವ ಲೆಕ್ಕ ಮುಂಬೈನ ದಲಾಲ್ ಸ್ಟ್ರೀಟ್‌ನಲ್ಲಿ ಕೆಲಸಕ್ಕೆ ಬರುತ್ತದೆ ಎಂದರೆ ನಮಗೂ ಒಂದು ಬಾಗಿಲು ತೆರೆದಿದೆ ಎಂದಾಯಿತು. ಅದೇ ವಿಷಯದಲ್ಲಿ ಕೆಲಸ ಮಾಡಿ 1997ರಲ್ಲಿ ನೊಬೆಲ್ ಪಡೆದ ರಾಬರ್ಟ್ ಮೆರ್ಟನ್ ಕೊಲಂಬಿಯಾದಲ್ಲಿ ಎಂಜಿನಿಯರಿಂಗ್ ಗಣಿತ ಓದಿ, ಕ್ಯಾಲ್‌ಟೆಕ್‌ನಲ್ಲಿ ಅನ್ವಯಿಕ ಗಣಿತದ ಎಂ.ಎಸ್ ಮುಗಿಸಿ, ಆಮೇಲೆ ಎಂಐಟಿಯಲ್ಲಿ ಅರ್ಥಶಾಸ್ತ್ರದ ಪಿಎಚ್‌.ಡಿ ಮಾಡಿದವರು. ನಮ್ಮವರನ್ನೇ ನೋಡಿ. ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ರಘುರಾಂ ರಾಜನ್ ಐಐಟಿ ದೆಹಲಿಯಲ್ಲಿ ಎಲೆಕ್ಟ್ರಿಕಲ್ ಓದಿ, ಐಐಎಂ ಅಹಮದಾಬಾದ್‌ನಲ್ಲಿ ಎರಡು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸ್ ಮುಗಿಸಿ 1991ರಲ್ಲಿ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದರು. ಅವರ ಪ್ರಬಂಧದ ವಿಷಯ ಬ್ಯಾಂಕಿಂಗ್. ಡೆಪ್ಯುಟಿ ಗವರ್ನರ್ ಆಗಿದ್ದ ವಿರಲ್ ಆಚಾರ್ಯ ಐಐಟಿ ಬಾಂಬೆಯಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿದವರು, ಪಿಎಚ್‌.ಡಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಶಾಲೆಯಲ್ಲಿ, ಫೈನಾನ್ಸ್‌ನಲ್ಲೇ. ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಕೆ.ವಿ. ಸುಬ್ರಮಣಿಯನ್ ಅವರದು ಐಐಟಿ ಕಾನ್ಪುರ, ಐಐಎಂ ಕಲ್ಕತ್ತ, ಶಿಕಾಗೊ.

ಈ ಪಟ್ಟಿ ನೋಡಿ ‘ಹಾಗಾದರೆ ಎಂಬಿಎ ನಡೆಯುತ್ತದಲ್ಲ’ ಎನ್ನಬಹುದು. ನಡೆಯುತ್ತದೆ, ಅದು ಐಐಟಿ ಮತ್ತು ಐಐಎಂ ಎಂಬ ಎರಡು ಮುದ್ರೆಗಳ ಜೊತೆ ಬಂದಾಗ. ಸಣ್ಣ ಊರಿನ ಕಾಲೇಜಿನಿಂದ ಬಂದವನಿಗೆ ಪ್ರವೇಶ ಸಮಿತಿಯ ಮುಂದೆ ಇರುವ ಸಾಕ್ಷಿ ಅಂಕಪಟ್ಟಿ, ಪರೀಕ್ಷೆಯ ಸ್ಕೋರು ಮತ್ತು ಶಿಫಾರಸು ಪತ್ರ ಮಾತ್ರ. ಸಾಮಾನ್ಯ ಎಂಬಿಎ ಅಂಕಪಟ್ಟಿಯಲ್ಲಿ ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಬಿಸಿನೆಸ್ ಕಮ್ಯುನಿಕೇಷನ್ ಇರುತ್ತವೆ. ಈ ಹುಡುಗ ಪ್ರಮೇಯ ಸಾಧಿಸಬಲ್ಲನೇ, ದತ್ತಾಂಶ ಕೊಟ್ಟರೆ ಕಾರಣ ಮತ್ತು ಪರಿಣಾಮವನ್ನು ಬೇರೆ ಮಾಡಿ ತೋರಿಸಬಲ್ಲನೇ ಎಂಬುದಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ. ಬ್ಯಾಂಕಿನಲ್ಲಿ, ಕಂಪನಿಯಲ್ಲಿ ಕೆಲಸ ಬೇಕು ಎನ್ನುವವರಿಗೆ ಎಂಬಿಎ ಒಳ್ಳೆಯದೇ. ಸಂಶೋಧನೆಗೆ ಸಿದ್ಧತೆ ಎಂದು ಅದನ್ನು ಮಾಡುವುದು ಈಜು ಕಲಿಯಲು ದೋಣಿ ಕೊಂಡ ಹಾಗೆ.

ಎರಡನೆಯದು ವಿದೇಶದ ಮಾಸ್ಟರ್ಸ್ ಇನ್ ಫೈನಾನ್ಸ್, ಫೈನಾನ್ಶಿಯಲ್ ಎಂಜಿನಿಯರಿಂಗ್. ಯಾದಗಿರಿಯಂಥ ಊರಿಗೂ ಈಗ ಇವುಗಳ ಜಾಹೀರಾತು ಮೊಬೈಲಿನಲ್ಲಿ ತಲುಪುತ್ತದೆ. ಇವುಗಳಲ್ಲಿ ಗಣಿತ ಇರುತ್ತದೆ, ಸುಳ್ಳಲ್ಲ. ಆದರೆ ಬಹುಪಾಲು ಕೋರ್ಸ್‌ಗಳನ್ನು ರೂಪಿಸಿರುವುದು ನೇರ ಉದ್ಯೋಗಕ್ಕೆ, ಹಾಗಾಗಿ ಶುಲ್ಕ ಭಾರಿ, ನೆರವು ಕಡಿಮೆ. ಹೊಲ ಅಡವಿಟ್ಟು ಹೋದವನು ಸಾಲ ತೀರಿಸಲು ಅಲ್ಲೇ ಕೆಲಸ ಹಿಡಿಯಬೇಕು. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌–1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ ಆ ಲೆಕ್ಕ ಇನ್ನೂ ಕಷ್ಟವಾಗಿದೆ. ತಮಾಷೆ ಎಂದರೆ, ಅದೇ ದೇಶದಲ್ಲಿ ಫೈನಾನ್ಸ್ ಪಿಎಚ್‌.ಡಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕವೇ ಇಲ್ಲ, ಮೇಲೆ ಸ್ಟೈಪೆಂಡ್ ಕೊಡುತ್ತಾರೆ. ಮಾಸ್ಟರ್ಸ್ ಇರಲೇಬೇಕು ಎಂಬ ನಿಯಮವೂ ಬಹಳ ಕಡೆ ಇಲ್ಲ. ಅಂದರೆ ಸಂಬಳ ಕೊಡುವ ಕೋಣೆಗೆ ಹೋಗಲು ನಾವು ಲಕ್ಷಾಂತರ ಹಣ ಕೇಳುವ ಪಡಸಾಲೆಯಲ್ಲಿ ಎರಡು ವರ್ಷ ಕೂರುತ್ತಿದ್ದೇವೆ.

ನನ್ನ ಮಟ್ಟಿಗೆ ಉತ್ತರ ಮೂರನೆಯದು: ಅರ್ಥಶಾಸ್ತ್ರದ ಎಂ.ಎ ಅಥವಾ ಎಂ.ಎಸ್ಸಿ, ಅದೂ ಗಣಿತಕ್ಕೆ ಹೆದರದ ಸಂಸ್ಥೆಯಲ್ಲಿ. ಬ್ರೆಜಾ ಮತ್ತು ಕಿನ್ನನ್ ಮಾಡಿದ ಹೋಲಿಕೆಯನ್ನೇ ತೆಗೆದುಕೊಳ್ಳಿ. ಒಂದು ಜಿಲ್ಲೆಯಲ್ಲಿ ಕೂಲಿ ಇಳಿದದ್ದು ಸಾಲ ನಿಂತದ್ದರಿಂದಲೋ, ಆ ವರ್ಷ ಮಳೆ ಕೈಕೊಟ್ಟದ್ದರಿಂದಲೋ? ಇದನ್ನು ಬೇರ್ಪಡಿಸುವ ಕಲೆಯೇ ಇಕನಾಮೆಟ್ರಿಕ್ಸ್. ಅದನ್ನು ಸರಿಯಾಗಿ ಕಲಿಸುವುದು ಅರ್ಥಶಾಸ್ತ್ರ ವಿಭಾಗಗಳಲ್ಲಿ. ಸಾಲ ಪಡೆದವನು ಹಣವನ್ನು ಹೇಗೆ ಬಳಸುತ್ತಾನೆ ಎಂಬುದು ಕೊಟ್ಟವನಿಗೆ ಕಾಣುವುದಿಲ್ಲ. ಅದಕ್ಕೇ ಹತ್ತು ಹೆಣ್ಣುಮಕ್ಕಳ ಗುಂಪು ಮಾಡಿ ಒಬ್ಬರಿಗೊಬ್ಬರು ಜಾಮೀನು ಮಾಡಿಸುತ್ತಾರೆ. ನಮ್ಮ ಓಣಿಯ ಸಂಘದ ಈ ವ್ಯವಸ್ಥೆಯ ಹಿಂದಿನ ತರ್ಕ ಮಾಹಿತಿ ಅಸಮಾನತೆಯ ಸಿದ್ಧಾಂತದಲ್ಲಿದೆ, ಅದು ಬರುವುದು ಎಂ.ಎಸ್ಸಿಯ ಸೂಕ್ಷ್ಮ ಅರ್ಥಶಾಸ್ತ್ರದ ಪಾಠದಲ್ಲಿ.

ಎಲ್ಲಿ ಓದಬೇಕು? ಭಾರತೀಯ ಸಾಂಖ್ಯಿಕ ಸಂಸ್ಥೆ ಕೋಲ್ಕತ್ತ ಮತ್ತು ದೆಹಲಿಯಲ್ಲಿ ನಡೆಸುವ ಎಂ.ಎಸ್ ಇನ್ ಕ್ವಾಂಟಿಟೇಟಿವ್ ಇಕನಾಮಿಕ್ಸ್ ನನ್ನ ಪಟ್ಟಿಯಲ್ಲಿ ಮೊದಲು. ಬೋಧನಾ ಶುಲ್ಕದ ಹೊರೆ ಇಲ್ಲ, ಸ್ಟೈಪೆಂಡ್ ಇದೆ, ಪ್ರವೇಶ ಪರೀಕ್ಷೆಯಲ್ಲಿ ಗಣಿತಕ್ಕೆ ದೊಡ್ಡ ಪಾಲಿದೆ. ಆಮೇಲೆ ಮುಂಬೈನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ. ಇದನ್ನು 1987ರಲ್ಲಿ ಕಟ್ಟಿದ್ದು ರಿಸರ್ವ್ ಬ್ಯಾಂಕ್. ಇಲ್ಲಿನ ಎಂ.ಎಸ್ಸಿ ಅರ್ಥಶಾಸ್ತ್ರಕ್ಕೆ ಬಿಇ ಮುಗಿಸಿದವರೂ ಅರ್ಜಿ ಹಾಕಬಹುದು. ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಎಂ.ಎ, ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಇಕನಾಮಿಕ್ಸ್ ಕೂಡ ಇವೆ. ಬೆಂಗಳೂರಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ 2017ರಿಂದ ಇದೆ, ಯಾದಗಿರಿಯಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಐಐಟಿಗಳಿಗೆ ಹೋಗುವ ಜ್ಯಾಮ್ ಪರೀಕ್ಷೆಯಲ್ಲಿ 2021ರಿಂದ ಅರ್ಥಶಾಸ್ತ್ರದ ಪತ್ರಿಕೆಯೂ ಸೇರಿದೆ.

ಮನೆ ಹತ್ತಿರದ ಆಯ್ಕೆ ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಪ್ರವೇಶ ಸಿಯುಇಟಿ ಮೂಲಕ, ಶುಲ್ಕ ಕೈಗೆಟುಕುವಂಥದ್ದು. ಗುಲಬರ್ಗಾ ವಿಶ್ವವಿದ್ಯಾಲಯದಂಥ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 371 (ಜೆ) ಅಡಿ ಕಲ್ಯಾಣ ಕರ್ನಾಟಕದವರಿಗೆ ಸೀಟು ಸಿಗುವುದು ಸುಲಭ. ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಮೀಸಲಾತಿ ನಮ್ಮದು. ಆದರೆ ಐಎಸ್‌ಐ, ಐಐಎಂ ಬಾಗಿಲಲ್ಲಿ 371 (ಜೆ) ಪ್ರಮಾಣಪತ್ರ ನಡೆಯುವುದಿಲ್ಲ. ಬಿ.ಕಾಂ ಗೆಳೆಯರಿಗೂ ಒಂದು ಮಾತು: ಎಂ.ಕಾಂ ಮಾಡಿ ವಾಣಿಜ್ಯ ವಿಭಾಗದಲ್ಲೇ ಪಿಎಚ್‌.ಡಿ ಮಾಡುವ ದಾರಿ ನಿಮಗೆ ಇದ್ದೇ ಇದೆ, ಅದು ಗೌರವದ ದಾರಿಯೇ. ಆದರೆ ಐಐಎಂ ಅಥವಾ ವಿದೇಶದ ಫೈನಾನ್ಸ್ ವಿಭಾಗ ನಿಮ್ಮ ಗುರಿಯಾಗಿದ್ದರೆ ಎಂ.ಕಾಂ ಜೊತೆ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಸಂಖ್ಯಾಶಾಸ್ತ್ರವನ್ನು ಸ್ವಂತವಾಗಿ ಕಲಿಯಬೇಕಾಗುತ್ತದೆ.

ಗಣಿತ ಅಥವಾ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿದರೆ? ಷೇರು, ಬಾಂಡ್, ಡೆರಿವೇಟಿವ್‌ಗಳ ಬೆಲೆಯ ಸಿದ್ಧಾಂತದಲ್ಲಿ ಆಸಕ್ತಿ ಇದ್ದವರಿಗೆ ಅದು ಒಳ್ಳೆಯ ತಳಪಾಯ. ಮನೆಗಳ ಸಾಲ, ಬ್ಯಾಂಕು, ಬೆಳೆ ವಿಮೆಯ ಕಡೆ ಒಲವಿದ್ದವರಿಗೆ ಅರ್ಥಶಾಸ್ತ್ರವೇ ಮೇಲು ಎಂದು ನನ್ನ ಅನಿಸಿಕೆ.

ಇನ್ನು ಸ್ನಾತಕೋತ್ತರ ಪದವಿಯೇ ಬೇಡ, ಬಿಇ ಮುಗಿಸಿ ನೇರ ಪಿಎಚ್‌.ಡಿಗೆ ಹೋಗಬಹುದೇ? ಈ ಪ್ರಶ್ನೆ ಇತ್ತೀಚೆಗೆ ಬಿಸಿಯಾಗಿದೆ. ಯುಜಿಸಿ 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌.ಡಿ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಇದ್ದವರು ನೇರವಾಗಿ ಅರ್ಹರು. ಪರಿಶಿಷ್ಟರು, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ ಶೇ 5ರಷ್ಟು ವಿನಾಯಿತಿ ಇದೆ. 2024ರಿಂದ ಇಂಥವರು ನೆಟ್ ಪರೀಕ್ಷೆಯನ್ನೂ ಬರೆಯಬಹುದು, ನೆಟ್ ಅಂಕದ ಮೇಲೆ ಪಿಎಚ್‌.ಡಿ ಪ್ರವೇಶವೂ ಸಿಗುತ್ತದೆ. ಐಐಎಂಗಳ ಪಿಎಚ್‌.ಡಿಗೂ ನಿಗದಿತ ಅಂಕ ಪಡೆದ ಬಿಇ ಪದವೀಧರರು ಕ್ಯಾಟ್, ಗೇಟ್‌ನಂಥ ಪರೀಕ್ಷೆಗಳ ಸ್ಕೋರಿನೊಂದಿಗೆ ಅರ್ಜಿ ಹಾಕುತ್ತಾರೆ. 2017ರ ಐಐಎಂ ಕಾಯ್ದೆ ಜಾರಿಯಾದ ಮೇಲೆ ಮೊದಲಿನ ‘ಫೆಲೊ’ ಪ್ರಮಾಣಪತ್ರದ ಬದಲು ಡಾಕ್ಟರೇಟ್ ಪದವಿಯೇ ಸಿಗುತ್ತಿದೆ.

ಕೇಳಲು ಚೆನ್ನಾಗಿದೆ, ಎರಡು ವರ್ಷ ಉಳಿಯುತ್ತದೆ. ಆದರೆ ಇದರಲ್ಲೊಂದು ಕೊಕ್ಕೆ ಇದೆ. ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಯುಜಿಸಿಯ 2018ರ ನಿಯಮ ಕೇಳುವುದು ಸಂಬಂಧಪಟ್ಟ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ. ಡಾಕ್ಟರೇಟ್ ಕೈಯಲ್ಲಿದ್ದರೂ ಸ್ನಾತಕೋತ್ತರ ಪದವಿ ಇಲ್ಲದಿದ್ದರೆ ಸರ್ಕಾರಿ ಕಾಲೇಜಿನ ಅರ್ಜಿ ಪರಿಶೀಲನೆಯಲ್ಲೇ ಪಕ್ಕಕ್ಕೆ ಹೋಗಬಹುದು. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ವಿಷಯದ ಕಟ್ಟುಪಾಡನ್ನು ಸಡಿಲಿಸುವ ಮಾತಾಡಿದೆ. ಕರಡು ನಂಬಿ ಜೀವನದ ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ಅರ್ಥಶಾಸ್ತ್ರದ ಪರವಾಗಿ ಇನ್ನೊಂದು ಕಾರಣವೂ ಇಲ್ಲೇ ಇದೆ. ಪಿಎಚ್‌.ಡಿ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕವರೆಲ್ಲ ಮುಗಿಸುವುದೂ ಇಲ್ಲ. ಆಗ ಕೈಯಲ್ಲಿರುವ ಪದವಿ ಯಾವ ಬಾಗಿಲು ತೆರೆಯುತ್ತದೆ? ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕು. ಸಾಮಾನ್ಯ ಎಂಬಿಎ ಅಲ್ಲಿ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಗ್ರೇಡ್ ಬಿ ಹುದ್ದೆಗೂ ಅರ್ಥಶಾಸ್ತ್ರದವರೇ ಮುಂದು. ಅರ್ಥಶಾಸ್ತ್ರದಲ್ಲಿ ನೆಟ್ ಅಥವಾ ಕೆಸೆಟ್ ಪಾಸಾದರೆ ಪದವಿ ಕಾಲೇಜಿನ ದಾರಿ ಇದೆ. ಕೆಲಸ ಹುಡುಕುತ್ತಿರುವ ಗೆಳೆಯರು ಈ ಅಂಶವನ್ನು ಗಮನಿಸಬೇಕು. ಸಂಶೋಧನೆಯ ಕನಸು ಮುರಿದರೂ ನೆಲಕ್ಕೆ ಬೀಳದಂತೆ ಹಿಡಿಯುವ ಪದವಿ ಇದು.

ಈಗ ಮನೆಯ ಮಾತು. ನಮ್ಮ ಕಡೆ ಬಿಇ ಮುಗಿಸಿದ ಹುಡುಗ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ತಿಂಗಳ ಕೊನೆಗೆ ಮನೆಗೆ ಹಣ ಹಾಕಬೇಕು ಎಂಬುದು ಯಾರೂ ಬರೆಯದ ಒಪ್ಪಂದ. ತಂಗಿಯ ಓದು, ಬೋರ್‌ವೆಲ್ ಸಾಲ, ಅಪ್ಪನ ಮೊಣಕಾಲು ನೋವು ಎಲ್ಲವೂ ಆ ಒಪ್ಪಂದದಲ್ಲಿವೆ. ಎರಡು ವರ್ಷ ಸ್ನಾತಕೋತ್ತರ, ನಾಲ್ಕೈದು ವರ್ಷ ಪಿಎಚ್‌.ಡಿ ಎಂದರೆ ಇಪ್ಪತ್ತೆಂಟು ದಾಟುತ್ತದೆ. ‘ಅಲ್ಲೀತನ ನಾವು ಇರಬೇಕಲ್ಲೋ’ ಎಂದು ಅವ್ವ ನಕ್ಕೇ ಹೇಳಿದಳು, ಆದರೆ ಅದು ನಗುವ ಮಾತಲ್ಲ. ಪದವಿಯನ್ನು ಆರಿಸುವಾಗ ಅದರ ಹೆಸರಿಗಿಂತ ಶುಲ್ಕವನ್ನು ನಾನು ಮೊದಲು ನೋಡುವುದು ಇದಕ್ಕೇ. ಶುಲ್ಕ ಇಲ್ಲದ, ಸ್ಟೈಪೆಂಡ್ ಇರುವ ಕಡೆ ಸೀಟು ಸಿಕ್ಕರೆ ಮನೆಗೆ ಕೊಡಲಾಗದಿದ್ದರೂ ಮನೆಯಿಂದ ಕೇಳುವುದು ತಪ್ಪುತ್ತದೆ. ಮುಂದೆ ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ನಮ್ಮ ಕಾಲೇಜಿನ ಕ್ಯಾಂಪಸ್‌ಗೆ ಬರುವ ಕೆಲವು ಕಂಪನಿಗಳು ಮೊದಲ ವರ್ಷ ಇದಕ್ಕಿಂತ ಕಡಿಮೆ ಕೊಡುತ್ತವೆ ಎಂದು ಹೇಳಿದಾಗ ಅಪ್ಪ ಮೊದಲ ಬಾರಿಗೆ ಪೇಪರ್ ಮಡಚಿಟ್ಟು ನನ್ನ ಮಾತು ಕೇಳಿದರು.

ಸಾಲ ಮಾಡಲೇಬೇಕಾದರೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇದೆ. ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಜಾಮೀನಿಲ್ಲದ ಶಿಕ್ಷಣ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3ರ ಬಡ್ಡಿ ರಿಯಾಯಿತಿ ಉಂಟು. ಪಟ್ಟಿಯಲ್ಲಿ ನಿಮ್ಮ ಸಂಸ್ಥೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪಟ್ಟಿಯಲ್ಲಿಲ್ಲದ ಖಾಸಗಿ ಕಾಲೇಜಿನ ಎಂಬಿಎಗೆ ಈ ನೆರವು ಸಿಗದು.

ಹಣಕ್ಕಿಂತ ನಮ್ಮಂಥವರಿಗೆ ದೊಡ್ಡ ತೊಡಕು ಶಿಫಾರಸು ಪತ್ರ. ಪಿಎಚ್‌.ಡಿ ಅರ್ಜಿಯಲ್ಲಿ ನಿಮ್ಮನ್ನು ಬಲ್ಲ, ಸ್ವತಃ ಸಂಶೋಧನೆ ಮಾಡುವ ಎರಡು ಮೂರು ಪ್ರಾಧ್ಯಾಪಕರು ನಿಮ್ಮ ಬಗ್ಗೆ ಬರೆಯಬೇಕು. ಮೆಕ್ಯಾನಿಕಲ್ ಅಥವಾ ಸಿವಿಲ್ ವಿಭಾಗದ ಮೇಷ್ಟ್ರು ಎಷ್ಟೇ ಪ್ರೀತಿಯಿಂದ ಬರೆದರೂ ‘ಹುಡುಗ ಶಿಸ್ತಿನವನು’ ಎಂಬುದರ ಆಚೆ ಅವರಿಗೆ ಹೇಳಲು ಏನಿದೆ? ಸ್ನಾತಕೋತ್ತರ ಪದವಿಯ ನಿಜವಾದ ಲಾಭ ಇಲ್ಲಿ ಕಾಣುತ್ತದೆ. ಕೊನೆಯ ವರ್ಷ ಪ್ರಬಂಧ ಬರೆಸುವ ಕೋರ್ಸ್ ಆದರೆ ಒಬ್ಬ ಮಾರ್ಗದರ್ಶಕರು ಆರು ತಿಂಗಳು ನಿಮ್ಮ ಕೆಲಸ ನೋಡಿರುತ್ತಾರೆ. ಹಾಗಾಗಿ ಎರಡು ಸಂಸ್ಥೆಗಳ ನಡುವೆ ಗೊಂದಲವಾದರೆ ಪ್ರಬಂಧ ಕಡ್ಡಾಯ ಇರುವುದನ್ನು ಆರಿಸಿ. ಹೆಸರು ದೊಡ್ಡದು ಎಂದು ಬರೀ ತರಗತಿ, ಪರೀಕ್ಷೆಯ ಕೋರ್ಸ್‌ಗೆ ಮರುಳಾಗಬೇಡಿ. ಪದವಿ ಮುಗಿದ ಮೇಲೆ ಜೆ–ಪಾಲ್‌ನಂಥ ಸಂಸ್ಥೆಗಳಲ್ಲಿ ಸಂಶೋಧನಾ ಸಹಾಯಕರಾಗಿ ಒಂದೆರಡು ವರ್ಷ ದುಡಿಯುವುದೂ ಉಂಟು. ಹಳ್ಳಿಗೆ ಹೋಗಿ ಸಮೀಕ್ಷೆ ಮಾಡಬೇಕಾದಾಗ ನಮ್ಮ ಭಾಷೆ ಬಲ್ಲವರಿಗೆ ಅಲ್ಲಿ ಬೆಲೆ ಇದೆ. ಹೈದರಾಬಾದಿನ 104 ಬಡಾವಣೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮೈಕ್ರೊಫೈನಾನ್ಸ್ ಬಗ್ಗೆ ನಡೆಸಿದ ಪ್ರಯೋಗದ ಹಿಂದೆಯೂ ಮನೆ ಮನೆ ಅಲೆದ ಇಂಥ ಯುವಕರ ದುಡಿಮೆ ಇದೆ. ಸಾಲದಿಂದ ಕೆಲವರ ವ್ಯಾಪಾರ ಬೆಳೆಯಿತು, ಆದರೆ ಬಡತನವನ್ನೇ ಬದಲಿಸುವ ಪವಾಡವೇನೂ ನಡೆಯಲಿಲ್ಲ ಎಂದು ಆ ಪ್ರಯೋಗ ಹೇಳಿತು.

ಬೇಕಾದ ಗಣಿತವನ್ನು ಮಾತ್ರ ಇಲ್ಲಿ ಕೂತೇ ಕಲಿಯಬಹುದು. ಎನ್‌ಪಿಟೆಲ್‌ನಲ್ಲಿ ರಿಯಲ್ ಅನಾಲಿಸಿಸ್, ಸಂಭವನೀಯತೆ, ಇಕನಾಮೆಟ್ರಿಕ್ಸ್ ಪಾಠಗಳು ಉಚಿತ. ಎಂಐಟಿಯ ಓಪನ್‌ಕೋರ್ಸ್‌ವೇರ್ ಕೂಡ ಉಚಿತ. ರಾತ್ರಿ ಡೇಟಾ ಖಾಲಿಯಾಗುವ ಮುಂಚೆ ಒಂದು ಪಾಠ ಇಳಿಸಿಕೊಂಡು ಬೆಳಿಗ್ಗೆ ನೋಡುವುದು ನನ್ನ ರೂಢಿ. ಸಾಧನೆಗಳನ್ನು ಓದಿದರೆ ಸಾಲದು, ಪುಸ್ತಕ ಮುಚ್ಚಿ ಬರೆದು ನೋಡಬೇಕು. ಎನ್‌ಪಿಟೆಲ್ ಪರೀಕ್ಷೆಗೆ ಸಣ್ಣ ಶುಲ್ಕ ಕಟ್ಟಿ ಪಾಸಾದರೆ ಪ್ರಮಾಣಪತ್ರವೂ ಸಿಗುತ್ತದೆ. ಸಣ್ಣ ಕಾಲೇಜಿನ ಅಂಕಪಟ್ಟಿಯ ಪಕ್ಕದಲ್ಲಿ ಅದು ಒಂದು ಸಾಕ್ಷಿ.

ಎಂಜಿನಿಯರ್ ಆದವನಿಗೆ ಹಣಕಾಸಿನ ಚಿಂತೆ ಯಾಕೆ ಎನ್ನುವವರಿಗೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನಪಿಸುತ್ತೇನೆ. ಅವರು ದಿವಾನರಾಗಿದ್ದಾಗಲೇ, 1913ರಲ್ಲಿ, ಮೈಸೂರು ಬ್ಯಾಂಕ್ ಹುಟ್ಟಿದ್ದು. ಯೋಜಿತ ಆರ್ಥಿಕತೆ ಬಗ್ಗೆ 1934ರಲ್ಲೇ ಪುಸ್ತಕ ಬರೆದವರೂ ಅವರೇ. ನಮ್ಮ ಭಾಗದಲ್ಲೂ ಅಂಥ ಚಿಂತೆಗೆ ವಿಷಯ ಬೇಕಾದಷ್ಟಿದೆ. ನಾರಾಯಣಪುರ ಎಡದಂಡೆ ಕಾಲುವೆ ನೀರು ಬರುವ ಹಳ್ಳಿಯಲ್ಲಿ ಭತ್ತ, ಬಾರದ ಹಳ್ಳಿಯಲ್ಲಿ ತೊಗರಿ. ಎರಡೂ ಕಡೆ ಸಾಲದ ಮೂಲ ಒಂದೇ ಆಗಿರುತ್ತದೆಯೇ? 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ವಿಲೀನವಾಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದೇ ಉಳಿದಿದೆ. ಇದರಿಂದ ಹುಣಸಗಿಯ ಸಣ್ಣ ರೈತನಿಗೆ ಬೆಳೆ ಸಾಲ ಸಿಗುವುದು ಸುಲಭವಾಯಿತೋ, ಕಷ್ಟವಾಯಿತೋ? ಜಾಮೀನಿಲ್ಲದ ಕಿರು ಸಾಲದ ಕಂತು ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕ್ 2022ರಿಂದ ಹೇಳುತ್ತಿದೆ. ವರ್ಷಕ್ಕೊಮ್ಮೆ ಹತ್ತಿ, ತೊಗರಿ ಮಾರುವವನ ತಿಂಗಳ ಆದಾಯ ಎಂದರೆ ಯಾವ ತಿಂಗಳಿನದು? ಒಂದೊಂದೂ ಒಂದೊಂದು ಪ್ರಬಂಧಕ್ಕೆ ಸಾಲುವ ಪ್ರಶ್ನೆ.

ಕೊನೆಯ ವರ್ಷಕ್ಕೆ ಬಂದವರು ದಿನಾಂಕಗಳ ಮೇಲೆ ಕಣ್ಣಿಡಬೇಕು. ಜ್ಯಾಮ್ ಅರ್ಜಿ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಕ್ಯಾಟ್ ನವೆಂಬರ್ ಕೊನೆಯಲ್ಲಿ. ಸಿಯುಇಟಿ ಅರ್ಜಿ ಚಳಿಗಾಲದಲ್ಲಿ, ಪರೀಕ್ಷೆ ಮಾರ್ಚ್ ಹೊತ್ತಿಗೆ. ಐಎಸ್‌ಐ ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ನಾನು ಐಎಸ್‌ಐ, ಜ್ಯಾಮ್, ಸಿಯುಇಟಿ ಮೂರನ್ನೂ ಬರೆಯುವವನಿದ್ದೇನೆ, ಕ್ಯಾಂಪಸ್ ಸಂದರ್ಶನಕ್ಕೂ ಕೂರುತ್ತೇನೆ. ಒಂದು ವರ್ಷ ಮಾತ್ರ ಪ್ರಯತ್ನ, ಆಗದಿದ್ದರೆ ಮೊದಲು ಕೆಲಸ ಎಂದು ಮನೆಯಲ್ಲಿ ಮಾತಾಗಿದೆ. ಜ್ಯಾಮ್ ತಯಾರಿ ಜೋರಾಗುವ ಡಿಸೆಂಬರ್, ಜನವರಿಯಲ್ಲೇ ನಮ್ಮಲ್ಲಿ ತೊಗರಿ ರಾಶಿ. ಹಗಲು ಕಣದಲ್ಲಿ ಕೆಲಸ ಇರುತ್ತದೆ, ಆ ಎರಡು ತಿಂಗಳ ಓದನ್ನು ರಾತ್ರಿಗೆ ಇಟ್ಟುಕೊಂಡಿದ್ದೇನೆ.